ಐನೂರು ಮೀಟರಿನಾಚೆಯ ಚಿಗರಿ

ಹಿಂಗಾರಿ ಜೋಳ ಕೊಯ್ದು ಕಣಕ್ಕೆ ಸಾಗಿಸಿದ ಮೇಲೆ ಚಚಡಿಯ ಸುತ್ತಿನ ಎರೆ ಹೊಲಗಳಲ್ಲಿ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಉಳಿಯುವುದಿಲ್ಲ. ಅರ್ಧ ಕಿಲೋಮೀಟರು ಆಚೆಯ ಬದುವಿನ ಮೇಲೆ ಯಾರು ನಡೆದು ಹೋದರೂ ನಡಿಗೆಯಿಂದಲೇ ಗುರುತು ಸಿಗುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಗೆ ಹರಡಿಕೊಂಡ ಈ ಬಯಲು, ದೂರದ ಗುರಿಯ ರೈಫಲ್ ಹಿಡಿದವನಿಗೆ ಹೇಳಿ ಮಾಡಿಸಿದ ನೆಲದಂತೆ ಕಾಣಬಹುದು. ಊರ ಹುಡುಗರ ಮೊಬೈಲಿನಲ್ಲಿ ಈಗ ಅಂಥ ಬೇಟೆಯ ವಿಡಿಯೊಗಳು ಓಡುತ್ತವೆ: ಅಮೆರಿಕದ ಯಾವುದೋ ಗುಡ್ಡ, ಮುಕ್ಕಾಲಿಯ ಮೇಲೆ ರೈಫಲ್, ದುರ್ಬೀನಿನ ವೃತ್ತದೊಳಗೆ ಮೇಯುತ್ತ ನಿಂತ ಜಿಂಕೆ, ಒಂದು ಸದ್ದು, ಜಿಂಕೆ ಕುಸಿಯುತ್ತದೆ. ಹಂದಿ ಕಬ್ಬು ಹಾಳು ಮಾಡಿದ ಮಾತು ಕಟ್ಟೆಯ ಮೇಲೆ ಬಂದಾಗ, ಹೀಗೆ ದೂರದಿಂದ ಹೊಡೆಯುವವರನ್ನು ಕರೆಸಿದರೆ ಒಂದು ದಿನದ ಕೆಲಸ ಎಂದು ಒಬ್ಬರಾದರೂ ಅನ್ನುತ್ತಾರೆ.

ಆ ವಿಡಿಯೊಗಳಲ್ಲಿ ತಪ್ಪಿದ ಗುಂಡು ಯಾಕೆ ಕಾಣುವುದಿಲ್ಲ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬೇಟೆಯೇ ಬೇಡ ಎನ್ನುವವರ ವಾದ ನನಗೆ ಗೊತ್ತು, ಅದನ್ನು ಗೌರವಿಸುತ್ತೇನೆ. ಇಲ್ಲಿ ಬೇಟೆಯನ್ನು ಒಪ್ಪಿಕೊಂಡವರ ಜೊತೆಗೇ ಜಗಳ ತೆಗೆಯುತ್ತಿದ್ದೇನೆ. ಎಷ್ಟು ದೂರದಿಂದ ಗುಂಡು ಹಾರಿಸಬಹುದು ಎಂಬುದನ್ನು ರೈಫಲಿನ ಶಕ್ತಿ ಹೇಳುವುದಿಲ್ಲ. ಗುಂಡು ಸರಿಯಾದಲ್ಲಿ ತಗುಲದೆ ಹೋದರೆ ಹೊಡೆದವನು ಎಷ್ಟು ಬೇಗ ಆ ಪ್ರಾಣಿಯ ಬಳಿ ಇರಬಲ್ಲ ಎಂಬುದೇ ಅದರ ಅಳತೆ. ಇದನ್ನು ಒಪ್ಪಿದರೆ ನಮ್ಮ ಬಯಲಿನಲ್ಲಿ ಐನೂರು ಮೀಟರಿನ ಬೇಟೆಗೆ ಜಾಗವೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಜಗತ್ತಿನಾದ್ಯಂತ ಜಿಂಕೆ ಬೇಟೆಗೆ ಬಳಸುವ ಪಾಯಿಂಟ್ 308 ವಿಂಚೆಸ್ಟರ್ ತೋಟಾದ ಗುಂಡು ನಳಿಕೆಯಿಂದ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ. (ನಮ್ಮ ದೇಶದಲ್ಲಿ ಇದು ಸೈನ್ಯದ ಬೋರು, ಸಾಮಾನ್ಯರಿಗೆ ನಿಷಿದ್ಧ. ಇಲ್ಲಿ ಪರವಾನಗಿಯ ಮೇಲೆ ಸಿಗುವ ಪಾಯಿಂಟ್ 315 ಇನ್ನೂ ನಿಧಾನದ, ಭಾರದ ಗುಂಡಿನದು.) ಗಾಳಿಯ ತಡೆಗೆ ವೇಗ ಕಳೆದುಕೊಳ್ಳುತ್ತ ಅದು 500 ಮೀಟರ್ ಮುಟ್ಟುವ ಹೊತ್ತಿಗೆ ಮುಕ್ಕಾಲು ಸೆಕೆಂಡು ಕಳೆದಿರುತ್ತದೆ. 100 ಮೀಟರಿಗೆ ಗುರಿ ಹೊಂದಿಸಿದ ರೈಫಲಿನ ಗುಂಡು ಅಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಇಳಿತವನ್ನು ದುರ್ಬೀನಿನ ತಿರುಪಿನಿಂದ ಸರಿಪಡಿಸಬಹುದು. ಆದರೆ ಅದಕ್ಕೆ ದೂರ ನಿಖರವಾಗಿ ಗೊತ್ತಿರಬೇಕು. 25 ಮೀಟರ್ ಅಂದಾಜು ತಪ್ಪಿದರೆ ಗುಂಡು ಸುಮಾರು 20 ಸೆಂಟಿಮೀಟರ್ ಮೇಲೋ ಕೆಳಗೋ ಹೋಗುತ್ತದೆ. ಲೇಸರ್ ಮಾಪಕ ಇದ್ದರೆ ಈ ತೊಡಕು ತಪ್ಪುತ್ತದೆ ಎನ್ನೋಣ. ಗಾಳಿ?

ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದೇ ಗುಂಡನ್ನು ಐನೂರು ಮೀಟರಿನಲ್ಲಿ ಅರ್ಧ ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸುತ್ತದೆ. ಸವದತ್ತಿಯ ಗುಡ್ಡದ ಸಾಲಿನ ಮೇಲೆ ಕಂಪನಿಗಳು ಗಾಳಿಯಂತ್ರ ನಿಲ್ಲಿಸಿದ್ದು ಅಲ್ಲಿ ಗಾಳಿ ಸುಮ್ಮನಿರುವುದಿಲ್ಲ ಎಂಬ ಕಾರಣಕ್ಕೇ. ರೈಫಲ್ ಹಿಡಿದವನ ಬಳಿ ಬೀಸುವ ಗಾಳಿಯೇ ನಡುವಿನ ಹಳ್ಳದಲ್ಲೂ ಬೀಸಬೇಕೆಂದಿಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ನಿಂತ ದಿಬ್ಬದ ಮೇಲೆ ಮತ್ತೊಂದು ದಿಕ್ಕಿನದೇ ಇರಬಹುದು. ಕೈಯಲ್ಲಿ ಹಿಡಿಯುವ ಗಾಳಿಮಾಪಕ ತನ್ನ ಮಗ್ಗುಲಿನ ಗಾಳಿಯನ್ನು ಮಾತ್ರ ಅಳೆಯುತ್ತದೆ. ನಡುವಿನ ಗಾಳಿಯನ್ನು ಪಳಗಿದವರು ಹುಲ್ಲಿನ ಬಾಗು, ಧೂಳು, ಬಿಸಿಲ್ಗುದುರೆಯ ಹರಿವು ನೋಡಿ ಊಹಿಸುತ್ತಾರೆ. ಊಹೆ ಊಹೆಯೇ. ಮಾರ್ಚ್ ದಾಟಿದ ಮೇಲೆ ಎರೆ ನೆಲದ ಕಾವಿಗೆ ಬಿಸಿಲ್ಗುದುರೆ ಹೊಳೆಯಂತೆ ಹರಿಯತೊಡಗಿದರೆ, ದುರ್ಬೀನಿನಲ್ಲಿ ಕಾಣುವ ಪ್ರಾಣಿ ತಾನು ನಿಜಕ್ಕೂ ನಿಂತ ಜಾಗದಿಂದ ಸರಿದು, ಕುಣಿದು ಕಾಣುತ್ತದೆ.

ಇನ್ನು ಗುರಿಯ ಅಗಲ. ಗಂಡು ಚಿಗರಿಯ ಭುಜದ ಎತ್ತರ 80 ಸೆಂಟಿಮೀಟರಿನ ಆಸುಪಾಸು, ತೂಕ ಮೂವತ್ತು ನಲವತ್ತು ಕಿಲೊ. ಗುಂಡು ಬಿದ್ದೊಡನೆ ಪ್ರಾಣ ಹೋಗಬೇಕಾದರೆ ಅದು ಹೃದಯ, ಶ್ವಾಸಕೋಶಗಳಿರುವ ಜಾಗಕ್ಕೇ ತಗುಲಬೇಕು. ಆ ಜಾಗ ಒಂದು ಸಣ್ಣ ಜೋಳದ ರೊಟ್ಟಿಯಷ್ಟು. 100 ಮೀಟರಿನಲ್ಲಿ ಮೂರು ಸೆಂಟಿಮೀಟರಿನೊಳಗೆ ಎಲ್ಲ ಗುಂಡುಗಳನ್ನೂ ಕೂರಿಸುವ ರೈಫಲನ್ನು ಒಳ್ಳೆಯ ರೈಫಲ್ ಎನ್ನುತ್ತಾರೆ. ಅದೇ ರೈಫಲ್ 500 ಮೀಟರಿನಲ್ಲಿ 15 ಸೆಂಟಿಮೀಟರ್ ಹರಡುತ್ತದೆ. ಅಂದರೆ ಗಾಳಿ ನಿಂತಿದ್ದು, ದೂರ ಖಚಿತವಿದ್ದು, ಉಸಿರು ಹಿಡಿದು ಕುದುರೆ ಒತ್ತಿದರೂ, ಇರುವ ಅಷ್ಟೂ ಅವಕಾಶವನ್ನು ಬಂದೂಕು ತಾನೊಂದೇ ಖರ್ಚು ಮಾಡಿಬಿಟ್ಟಿರುತ್ತದೆ. ಹೊಡೆಯುವವನ ಎದೆಬಡಿತಕ್ಕೆ ಪಾಲು ಉಳಿಯುವುದಿಲ್ಲ.

ಇಷ್ಟೆಲ್ಲವನ್ನೂ ಸಾಧಿಸಿದವರಿದ್ದಾರೆ, ಅದು ನಿಜವಾದ ವಿದ್ಯೆಯೇ. ಆದರೆ ಯಾವ ವಿದ್ಯೆಗೂ ಸಿಗದ ಒಂದು ಸಂಗತಿ ಉಳಿಯುತ್ತದೆ: ಆ ಮುಕ್ಕಾಲು ಸೆಕೆಂಡು ಪ್ರಾಣಿಗೆ ಸೇರಿದ್ದು. ಮೇಯುತ್ತಿರುವ ಚಿಗರಿ ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆ ಹೊರಟ ಗುಂಡು ಹೊಟ್ಟೆಗೆ ಬೀಳುತ್ತದೆ. ಅದು ಯಾಕೆ ಹೆಜ್ಜೆ ಇಟ್ಟಿತು? ಹುಲ್ಲು ಅಲ್ಲಿತ್ತು ಎಂದು. ಗುಂಡು ಶಬ್ದಕ್ಕಿಂತ ಮೊದಲೇ ತಲುಪುವುದರಿಂದ ಪ್ರಾಣಿಗೆ ಎಚ್ಚರಿಕೆಯೂ ಇಲ್ಲ, ಬೇಟೆಗಾರನಿಗೆ ಹಿಂದೆಗೆದುಕೊಳ್ಳುವ ದಾರಿಯೂ ಇಲ್ಲ. 100 ಮೀಟರಿನಲ್ಲಿ ಈ ಅವಧಿ ಸೆಕೆಂಡಿನ ಏಳನೆಯ ಒಂದು ಭಾಗವೂ ಇಲ್ಲ. ಪ್ರಾಣಿ ಕಾಲೆತ್ತುವುದರೊಳಗೆ ಎಲ್ಲ ಮುಗಿದಿರುತ್ತದೆ. ಎರಡೂ ದೂರಗಳ ನಡುವಿನ ವ್ಯತ್ಯಾಸ ಕೌಶಲದ್ದಲ್ಲ ಎಂದು ನಾನು ಅನ್ನುವುದು ಇದಕ್ಕೇ.

ದೂರದ ಬೇಟೆಯ ಪರವಾಗಿ ಹೇಳುವ ಮಾತಲ್ಲಿ ಒಂದು ಮಾತು ಗಟ್ಟಿ ಇದೆ, ಅದನ್ನು ಜಾರಿಸಿ ಮುಂದೆ ಹೋಗಬಾರದು. ಭಯವೇ ಇಲ್ಲದೆ ಮೇಯುತ್ತಿದ್ದ ಪ್ರಾಣಿ, ಸದ್ದು ಕೇಳುವ ಮುನ್ನ ಸತ್ತುಬಿದ್ದರೆ, ನಾಯಿಗಳು ಅಟ್ಟಾಡಿಸಿ ಹರಿದದ್ದಕ್ಕಿಂತ ಅದು ಒಳ್ಳೆಯ ಸಾವಲ್ಲವೆ? ಹೌದು, ಒಳ್ಳೆಯದೇ. ಬಡವರ ಬೇಟೆಯ ಸಲಕರಣೆಗಳು ಕ್ರೂರವಾಗಿವೆ ಎಂಬುದನ್ನೂ ಮುಚ್ಚಿಡುವುದು ಬೇಡ. ಉರುಲಿಗೆ ಕೊರಳು ಸಿಕ್ಕ ಪ್ರಾಣಿ ರಾತ್ರಿಯೆಲ್ಲ ಒದ್ದಾಡುತ್ತದೆ. ಹಿಟ್ಟಿನ ಉಂಡೆಯೊಳಗಿಟ್ಟ ಸಿಡಿಮದ್ದು ಹಂದಿಯ ದವಡೆ ಹಾರಿಸಿ ಅದನ್ನು ದಿನಗಟ್ಟಲೆ ಉಪವಾಸ ಕೊಲ್ಲುತ್ತದೆ. ಎಷ್ಟೋ ಸಲ ಬಾಯಿ ಹಾಕಿದ್ದು ರೈತನದೇ ಆಕಳಾಗಿರುತ್ತದೆ. ಇವುಗಳ ಪಕ್ಕಕ್ಕಿಟ್ಟರೆ ರೈಫಲ್ ದಯಾಮಯಿ. ಆದರೆ ಈ ಹೋಲಿಕೆ ನಿಲ್ಲುವುದು ಸರಿಯಾಗಿ ತಗುಲಿದ ಗುಂಡಿಗೆ ಮಾತ್ರ. ಹೊಟ್ಟೆಗೆ ಗುಂಡು ಬಿದ್ದ ಚಿಗರಿ ಉರುಲಿಗೆ ಬಿದ್ದದ್ದಕ್ಕಿಂತ ಸುಖವಾಗಿ ಸಾಯುವುದಿಲ್ಲ. ಉರುಲು ಹಾಕಿದವನಿಗೆ ಹಸಿವಿನ ಸಬೂಬಾದರೂ ಇರಬಹುದು. ಹತ್ತಿರ ಹೋಗಬಹುದಾಗಿದ್ದೂ ದೂರವನ್ನೇ ಆರಿಸಿಕೊಂಡವನಿಗೆ ಅದೂ ಇಲ್ಲ.

ಹತ್ತಿರ ಹೋಗುವುದು ಈ ನಾಡಿಗೆ ಗೊತ್ತಿಲ್ಲದ ಕಲೆಯೇನಲ್ಲ. ಬಯಲಿನ ಚಿಗರಿ ಮನುಷ್ಯನನ್ನು ಕಂಡರೆ ಗಾವುದ ಓಡುತ್ತದೆ. ಎತ್ತಿನ ಬಂಡಿಗೆ ಮಾತ್ರ ಹೆದರುವುದಿಲ್ಲ. ಅದಕ್ಕೇ ಹಳೆಯ ಬೇಟೆಗಾರರು ಬಂಡಿಯ ಮರೆಯಲ್ಲಿ, ಎತ್ತಿನ ಮಗ್ಗುಲಲ್ಲಿ ನಡೆಯುತ್ತ, ನೇರ ಹೋಗದೆ ಸುತ್ತು ಹಾಕುತ್ತ ಸಮೀಪಿಸುತ್ತಿದ್ದರು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಜಿಂಕೆ ಬೇಟೆಯ ಬಗೆಗಳ ಪಟ್ಟಿಯೇ ಇದೆ. ಕೊಲ್ಹಾಪುರದ ಅರಸರು ಇಪ್ಪತ್ತನೆಯ ಶತಮಾನದಲ್ಲೂ ಪಳಗಿಸಿದ ಚೀತಾಗಳನ್ನು ಬಂಡಿಯ ಮೇಲೆ ಕೂರಿಸಿ ಚಿಗರಿಯ ಹಿಂಡಿನ ಸಮೀಪಕ್ಕೆ ಒಯ್ದು ಬಿಡುತ್ತಿದ್ದರು. ಕೆಲವು ನೂರು ಮೀಟರಿನ ಓಟದಲ್ಲಿ ಹಿಡಿಯಲಾಗದಿದ್ದರೆ ಚೀತಾ ನಿಂತುಬಿಡುತ್ತಿತ್ತು, ಚಿಗರಿ ಗಾಯವಿಲ್ಲದೆ ಪಾರಾಗುತ್ತಿತ್ತು. ಇವೆಲ್ಲ ಧರ್ಮಬೇಟೆ, ಇಂದಿನದು ಅಧರ್ಮ ಎಂದು ಸಾರುವ ಉತ್ಸಾಹ ನನಗಿಲ್ಲ. ಅರಸರು ಮೋಜಿಗಾಗಿಯೇ ಕೊಂದರು, ಲೆಕ್ಕವಿಲ್ಲದಷ್ಟು ಕೊಂದರು. ನಾನು ಗಮನಿಸುವುದು ಇಷ್ಟೆ: ಆ ಬೇಟೆಗಳಲ್ಲಿ ತಪ್ಪು ಎಂದರೆ ಬಹುಮಟ್ಟಿಗೆ ಪ್ರಾಣಿ ತಪ್ಪಿಸಿಕೊಳ್ಳುವುದು. ದೂರದ ರೈಫಲಿನಲ್ಲಿ ತಪ್ಪು ಎಂದರೆ ಪ್ರಾಣಿ ಗಾಯಗೊಂಡು ಕಣ್ಮರೆಯಾಗುವುದು.

ಬೇಟೆಯ ಅಪಾಯದಲ್ಲಿ ಬೇಟೆಗಾರನ ಪಕ್ಷಕ್ಕೂ ಪಾಲಿದ್ದ ಕಾಲಕ್ಕೆ ಆತಕೂರಿನ ಶಾಸನಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತ ಕಥೆಯಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ ನಾಯಿ ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಕೆತ್ತಲ್ಪಟ್ಟಿವೆ. ನಮ್ಮ ಪಕ್ಕದ ಮುಧೋಳದ ನಾಯಿಯೂ ಇದೇ ಕೆಲಸಕ್ಕೆ ಬೆಳೆದ ತಳಿ: ಸಪೂರ ಸೊಂಟ, ಉದ್ದ ಕಾಲು, ದೂರ ನೋಡುವ ಕಣ್ಣು. ಅಲ್ಲೂ ದೂರವಿತ್ತು. ಅದನ್ನು ಯಾರಾದರೂ ಓಡಿಯೇ ದಾಟಬೇಕಿತ್ತು.

ಬಂದೂಕಿನ ನೀತಿಯ ಮಾತಿಗೆ ನಮ್ಮ ಕಡೆ ಇನ್ನೊಂದು ಹಳೆಯ ಗಾಯವಿದೆ. ರಾಮದುರ್ಗದಿಂದ ಬಹಳ ದೂರವಲ್ಲದ ಹಲಗಲಿಯ ಬೇಡರಿಗೆ 1857ರಲ್ಲಿ ಇಂಗ್ಲಿಷರ ಕಾಯಿದೆ ಆಯುಧ ಒಪ್ಪಿಸಲು ಹೇಳಿತು. ಬೇಟೆಯನ್ನೇ ಬದುಕಾಗಿಸಿಕೊಂಡವರು ಕೊಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು, ಹಲವರನ್ನು ನೇಣಿಗೇರಿಸಿದರು. ಲಾವಣಿಕಾರರು ಅದನ್ನು ಇಂದಿಗೂ ಹಾಡುತ್ತಾರೆ. ಮುಂದೆ 1878ರ ಆಯುಧ ಕಾಯಿದೆ ಭಾರತೀಯನಿಗೆ ಪರವಾನಗಿಯ ಕಟ್ಟು ಹಾಕಿತು, ಯುರೋಪಿನವನಿಗೆ ವಿನಾಯಿತಿ ಕೊಟ್ಟಿತು. ಹೀಗೆ ನಾಡವರ ಕೈಯಿಂದ ಕೋವಿ ಕಸಿದ ಮೇಲೆ ಸಾಹೇಬರು ‘ಸ್ಪೋರ್ಟ್ಸ್‌ಮನ್’ ಧರ್ಮದ ಪಾಠ ಹೇಳತೊಡಗಿದರು: ನೀರಿಗೆ ಬಂದದ್ದನ್ನು ಹೊಡೆಯಬಾರದು, ಮರಿಯನ್ನು ಹೊಡೆಯಬಾರದು. ಹೊಟ್ಟೆಗಾಗಿ ಕೊಂದವನು ಕಳ್ಳಬೇಟೆಗಾರ, ಗೋಡೆಯ ಕೊಂಬಿಗಾಗಿ ಕೊಂದವನು ಸಭ್ಯ. ಈ ನೀತಿಯ ಅರ್ಧ ಭಾಗ ಬರೀ ಮೇಲರಿಮೆ.

ಇನ್ನರ್ಧವನ್ನು ಮಾತ್ರ ಬಿಸಾಡಲಾಗದು. ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಮುಗಿಸುವುದು ಹೊಡೆದವನ ಕರ್ತವ್ಯ, ತನ್ನ ಜೀವಕ್ಕೆ ಕುತ್ತು ಬಂದರೂ ಸರಿ ಎಂಬ ಮಾತು ಅದರಲ್ಲಿತ್ತು. ಕೆನೆತ್ ಆಂಡರ್ಸನ್ನರ ಕಥೆಗಳಲ್ಲಿ, ನಮ್ಮ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಪುಸ್ತಕದಲ್ಲಿ ಓದುಗನಿಗೆ ಮೈನವಿರೇಳುವುದು ಗುಂಡು ಹಾರಿದ ಗಳಿಗೆಗಿಂತ ಆಮೇಲಿನ ಹುಡುಕಾಟದಲ್ಲೇ. ಆ ಕರ್ತವ್ಯ ಯಾಕೆ ಬಂತೆಂದರೆ, ಬಿಟ್ಟು ಹೋದ ಗಾಯ ಬೇರೆಯವರ ಮೇಲೆ ತೀರುತ್ತಿತ್ತು. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತೆಂದು ಲೆಕ್ಕ. ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು; ಹಿಂದೊಮ್ಮೆ ಯಾರೋ ಹೊಡೆದ ಗುಂಡಿನ ಫಲ ಅದು, ತನ್ನ ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ಬರೆದಿದ್ದಾರೆ. ಆ ಗುಂಡು ಹೊಡೆದವನು ಯಾರೋ, ಬಹುಶಃ ಮನೆಗೆ ಹೋಗಿ ಉಂಡು ಮಲಗಿದ.

ಐನೂರು ಮೀಟರಿನಿಂದ ಹೊಡೆದವನ ಹುಡುಕಾಟ ಹೇಗಿರುತ್ತದೆ? ಉತ್ತ ಎರೆ ಹೊಲದಲ್ಲಿ ಅಷ್ಟು ನಡೆಯಲು ಏಳೆಂಟು ನಿಮಿಷವಾದರೂ ಬೇಕು. ದುರ್ಬೀನಿನಿಂದ ಕಣ್ಣು ತೆಗೆದೊಡನೆ ಪ್ರಾಣಿ ಎಲ್ಲಿ ನಿಂತಿತ್ತು ಎಂಬುದೇ ಮಸುಕಾಗುತ್ತದೆ. ಹತ್ತು ಬದು ಒಂದೇ ಥರ ಕಾಣುತ್ತವೆ. ಕುಸಿಯದೆ ಓಡಿದ್ದನ್ನು ಕಂಡು ತಪ್ಪಿತು ಎಂದುಕೊಂಡು ಹಿಂದಿರುಗುವುದು ಎಲ್ಲಕ್ಕಿಂತ ಸುಲಭ. ಆ ಹೊತ್ತಿಗೆ ರಕ್ತದ ಹನಿಯನ್ನು ಕಪ್ಪು ಮಣ್ಣು ಹೀರಿಕೊಂಡಿರುತ್ತದೆ. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಅಮೆರಿಕದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ಬು, ಬೇಟೆಯ ದಾಖಲೆಗಳನ್ನು ಕಾಯ್ದಿಡುವ ಸಂಸ್ಥೆಯೇ ಆಗಿದ್ದೂ, ಪ್ರಾಣಿಗಿಂತ ದೂರದ ದಾಖಲೆಯೇ ಮುಖ್ಯವಾದ ಇಂಥ ಗುಂಡುಗಾರಿಕೆಯನ್ನು ಬೇಟೆ ಎಂದು ಒಪ್ಪಲು ನಿರಾಕರಿಸಿದೆ. ನಾರ್ವೆ ಇನ್ನೂ ಪ್ರಾಯೋಗಿಕ ದೇಶ. ಅಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವನು ಪ್ರತಿ ವರ್ಷ ಪರೀಕ್ಷೆ ಕೊಡಬೇಕು: ಐದು ಗುಂಡು, ನೂರು ಮೀಟರು, ಐದೂ ವೃತ್ತದೊಳಗೆ. ಕಡವೆಯಂಥ ಪ್ರಾಣಿಗಳನ್ನು ಬೇಟೆಯಾಡುವವನಿಗೆ, ಗಾಯಗೊಂಡದ್ದನ್ನು ವಾಸನೆ ಹಿಡಿದು ಹುಡುಕುವ ತರಬೇತಾದ ನಾಯಿ ಬೇಕೆಂದಾಗ ಸಿಗುವ ಏರ್ಪಾಡು ಮೊದಲೇ ಇರಬೇಕು. ತಪ್ಪು ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ಬರೆದ ಕಾನೂನು ಅದು.

ಸೈನ್ಯದ ಸ್ನೈಪರುಗಳ ಉದಾಹರಣೆ ಕೊಡುವವರಿಗೆ ಒಂದೇ ಮಾತು. 2009ರಲ್ಲಿ ಅಫ್ಘಾನಿಸ್ತಾನದಲ್ಲಿ 2,475 ಮೀಟರಿನಿಂದ ಗುರಿ ಮುಟ್ಟಿದ ಬ್ರಿಟಿಷ್ ಸೈನಿಕ, ಅದಕ್ಕೂ ಮೊದಲು ಹಲವು ಗುಂಡು ಹಾರಿಸಿ ಅಂತರ ಹೊಂದಿಸಿಕೊಂಡಿದ್ದ. ಯುದ್ಧದಲ್ಲಿ ಅದು ನಡೆಯುತ್ತದೆ. ಅಲ್ಲಿ ಗಾಯವೂ ಗೆಲುವೇ.

ಈಗ ಕಬ್ಬಿನ ಹೊಲಕ್ಕೆ ಬರೋಣ, ಯಾಕೆಂದರೆ ಕಟ್ಟೆಯ ಮೇಲಿನ ಮಾತು ಶುರುವಾದದ್ದು ಅಲ್ಲಿಂದ. ರೈತನ ನಷ್ಟ ನಿಜ. ಕಿತ್ತೂರಿನ ಕಡೆಯ ಅಡವಿಯ ಅಂಚಿರಲಿ, ಮಲಪ್ರಭೆಯ ನೀರು ಕಂಡ ಕಬ್ಬಿನ ಪಡವಿರಲಿ, ಹಂದಿಯ ಹಿಂಡು ಒಂದು ರಾತ್ರಿ ಹೊಕ್ಕರೆ ವರ್ಷದ ಬೆಳೆ ಮಲಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಪರವಾನಗಿ ಬೇಟೆಗೆ ಅವಕಾಶ ಇಟ್ಟಿತ್ತು, 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವೆನಿಸಿದರೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು 11ನೆಯ ಕಲಮಿನಡಿ ಅನುಮತಿ ಕೊಡಬಹುದು. ಚಿಗರಿ ಒಂದನೆಯ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತೆಂದು ಅದನ್ನು ಹೊಡೆಯಲು ಯಾರೂ ಅನುಮತಿ ಕೊಡುವಂತಿಲ್ಲ.

ಈ ಎರಡು ಪ್ರಾಣಿಗಳನ್ನು ಅಕ್ಕಪಕ್ಕ ಇಟ್ಟಾಗ ದೂರದ ರೈಫಲಿನ ಬೇಡಿಕೆ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ಹಂದಿ ರಾತ್ರಿಯ ಪ್ರಾಣಿ. ಹಗಲು ಕಬ್ಬಿನೊಳಗೆ ಮಲಗಿರುತ್ತದೆ, ಅಲ್ಲಿ ಹತ್ತು ಮೀಟರಿನಾಚೆ ಏನೂ ಕಾಣದು. ಅದಕ್ಕೆ ಐನೂರು ಮೀಟರಿನ ದುರ್ಬೀನು ಯಾತಕ್ಕೆ? ಹಗಲಿನಲ್ಲಿ, ಬಟಾಬಯಲಿನಲ್ಲಿ, ದೂರದಿಂದ ಕಾಣುವಂತೆ ನಿಲ್ಲುವ ಪ್ರಾಣಿ ನಮ್ಮಲ್ಲಿ ಚಿಗರಿ ಒಂದೇ. ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಅದರ ಹೆಸರಿಟ್ಟು ನಾವು ಹೆಮ್ಮೆಪಡುವುದು ಬೇರೆ ಮಾತು. ಬೆಳೆಯ ಹೆಸರಿನಲ್ಲಿ ಕೇಳುವ ಸಲಕರಣೆ, ಬೆಳೆಯನ್ನು ಅತಿ ಹೆಚ್ಚು ಹಾಳು ಮಾಡುವ ಪ್ರಾಣಿಗೆ ಹೊಂದದೆ, ಕಾನೂನು ಮುಟ್ಟಬೇಡ ಎಂದ ಪ್ರಾಣಿಗೇ ಹೊಂದುತ್ತದೆ. ಇದನ್ನು ಬೆಳೆರಕ್ಷಣೆ ಎಂದು ನಂಬುವಷ್ಟು ಮುಗ್ಧ ನಾನಲ್ಲ.

ಹೊರಗಿನ ಗುರಿಕಾರರನ್ನು ಕರೆಸಿದ ಪ್ರಯೋಗವೂ ನಡೆದಿದೆ. 2016ರ ಜೂನಿನಲ್ಲಿ ಬಿಹಾರದ ಮೊಕಾಮಾ ಬಯಲಿನಲ್ಲಿ ಹೈದರಾಬಾದಿನಿಂದ ಬಂದ ಗುರಿಕಾರರು ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದರು. ಕೇಂದ್ರ ಸಚಿವೆ ಮೇನಕಾ ಗಾಂಧಿ ತಮ್ಮದೇ ಸರ್ಕಾರದ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಮೇಲೆ ಹರಿಹಾಯ್ದರು, ದೇಶವೆಲ್ಲ ಆ ಜಗಳ ನೋಡಿತು. ಸತ್ತವುಗಳ ಲೆಕ್ಕ ಎಲ್ಲರ ಬಾಯಲ್ಲೂ ಬಂತು; ಗಾಯಗೊಂಡು ಹೋದವುಗಳ ಲೆಕ್ಕ ಕೇಳಿದವರು ಕಡಿಮೆ.

ಮನುಷ್ಯರ ಸುರಕ್ಷತೆಯ ವಿಷಯಕ್ಕೆ ಹೆಚ್ಚು ವಾದ ಬೇಕಿಲ್ಲ. ಇಂಥ ರೈಫಲಿನ ಗುಂಡು ತಡೆಯಿಲ್ಲದೆ ಹೋದರೆ ಮೂರು ಕಿಲೋಮೀಟರು ದಾಟಬಲ್ಲದು. ಗುಡ್ಡದ ನಾಡಿನಲ್ಲಿ ತಪ್ಪಿದ ಗುಂಡನ್ನು ಗುಡ್ಡ ನುಂಗುತ್ತದೆ. ನಮ್ಮಲ್ಲಿ ಪ್ರಾಣಿಯ ಹಿಂದೆ ಇರುವುದು ಇನ್ನೊಂದು ಹೊಲ, ಅಲ್ಲಿ ಹತ್ತಿ ಬಿಡಿಸುವ ಹೆಂಗಸರು, ಅದರಾಚೆ ಇನ್ನೊಂದು ಊರು. ಆಯುಧ ಕಾಯ್ದೆ ಬೆಳೆರಕ್ಷಣೆಗೆಂದು ರೈತನಿಗೆ ಕೊಡಲು ಒಪ್ಪಿದ್ದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದರ ಹೊಡೆತ ಹತ್ತಿರದ್ದು ಎಂಬುದು ಅದರ ದೋಷವಲ್ಲ.

ದೂರದ ಗುರಿಯ ಹುಚ್ಚು ಇದ್ದವರನ್ನು ನಾನು ಹೀಗಳೆಯುವುದಿಲ್ಲ. ಕಿತ್ತೂರಿನ ಸೀಮೆ ಗುರಿಕಾರರನ್ನು ಮರೆಯುವ ಸೀಮೆಯಲ್ಲ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಅಮಟೂರು ಬಾಳಪ್ಪನ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಗುರಿಯ ವಿದ್ಯೆಗೆ ಜೀವಂತ ಮೈ ಬೇಕೆಂಬುದಷ್ಟೇ ನನಗೆ ಒಪ್ಪಿಗೆಯಿಲ್ಲ. ಬಂದೂಕನ್ನು ಪೂಜಿಸುವ ಕೊಡವರೇ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕಾಯಿ ಒಡೆದರೆ ಗೆಲುವು. ಒಡೆಯದಿದ್ದರೆ ನಗೆ, ಮತ್ತೊಂದು ಸುತ್ತು. ಬಯಲಿನಲ್ಲಿ ಸಾವಿರ ಮೀಟರಿಗೆ ಉಕ್ಕಿನ ತಟ್ಟೆ ನಿಲ್ಲಿಸಿ, ಹಿಂದೆ ಮಣ್ಣಿನ ಒಡ್ಡು ಹಾಕಿ, ಗಾಳಿ ಬಿಸಿಲ್ಗುದುರೆಗಳ ಜೊತೆ ಜೀವಮಾನವಿಡೀ ಗುದ್ದಾಡಲಿ. ನಾನೇ ನೋಡಲು ಹೋಗುತ್ತೇನೆ.

ಹಂದಿಗೆ ಅನುಮತಿ ಕೊಡುವುದೇ ಆದರೆ ಆ ಕಾಗದದಲ್ಲಿ ಕೆಲವು ಮಾತು ಬರೆಯಬೇಕೆಂದು ನನ್ನ ಆಗ್ರಹ. ಅಟ್ಟಣೆಯ ಮೇಲಿಂದ ಕೆಳಮುಖವಾಗಿ ಹೊಡೆಯಬೇಕು, ತಪ್ಪಿದ ಗುಂಡು ನೆಲಕ್ಕೇ ಹೋಗುವಂತೆ. ದೂರ ಐವತ್ತು ಮೀಟರು ಮೀರಬಾರದು. ಹೊಡೆಯುವವನು ಆ ವರ್ಷವೇ ಗುರಿಯ ಪರೀಕ್ಷೆ ಪಾಸಾಗಿರಬೇಕು. ಹಾರಿಸಿದ ಪ್ರತಿ ತೋಟಾಕ್ಕೂ ಏನಾಯಿತೆಂಬ ಲೆಕ್ಕ ಕೊಡಬೇಕು, ಸತ್ತ ಹಂದಿಗಳ ಲೆಕ್ಕ ಮಾತ್ರ ಸಾಲದು. ವಾಸನೆ ಹಿಡಿಯುವ ನಾಯಿ ಮತ್ತು ಅದನ್ನು ಬಲ್ಲವನೊಬ್ಬ ಆ ರಾತ್ರಿ ಹೊಲದಲ್ಲೇ ಇರಬೇಕು. ಗಾಯಗೊಂಡ ಹಂದಿ ಸಿಗದಿದ್ದರೆ, ಅದು ಸಿಗುವವರೆಗೆ ಆ ಕಬ್ಬಿನ ಪಡದೊಳಗೆ ಕಟಾವಿನ ಆಳುಗಳನ್ನು ಇಳಿಸುವಂತಿಲ್ಲ. ಆ ದಿನಗಳ ಕೂಲಿಯನ್ನು ಅನುಮತಿ ಕೊಟ್ಟ ಇಲಾಖೆ ಮತ್ತು ಗುಂಡು ಹೊಡೆದವನು ಸೇರಿ ತುಂಬಿಕೊಡಬೇಕು.